ಹದಿನೇಳನೇ ಸಾಲಿನ ಟಿಕ್ ನನ್ನದು

ಮನೆಯವರೂ ಬೀದಿಯವರೂ ಬುಗುರಿ ಎಂದು ಕರೆಯುವ ನಾನು, ವಯಸ್ಸು 19 ವರ್ಷ 4 ತಿಂಗಳು, ವಿದ್ಯಾಭ್ಯಾಸ ಹತ್ತನೇ ತರಗತಿ ಅರ್ಧ, ಕಸುಬು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದು ಮತ್ತು ಚಕ್ರ ಬಿಚ್ಚಿ ಜೋಡಿಸುವುದು, ವಾಸ ಬಸ್ ಡಿಪೋ ಹಿಂದಿನ ಬೀದಿಯ ನೀಲಿ ಗೇಟಿನ ಮನೆ, ಇಂದು ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಬರಲು ಹೇಳಿದ್ದರೂ ಮನೆಯಲ್ಲಿ ಕೂರಲಾರದೆ 9 ಗಂಟೆ 10 ನಿಮಿಷಕ್ಕೇ ಠಾಣೆಗೆ ಬಂದು, ಈ ಮೂಲಕ ಹೇಳಿ ಬರೆಸುವುದೇನೆಂದರೆ,

ನಿನ್ನೆ ಸೋಮವಾರ ಮಧ್ಯಾಹ್ನ ನಮ್ಮ ಪಕ್ಕದ ಮನೆಯ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ತಾತ ಇದೇ ಠಾಣೆಗೆ ಬಂದು ನಮ್ಮ ಮನೆಯ ಐದು ಜನ ಕಾಣೆಯಾಗಿದ್ದಾರೆಂದು ದೂರು ಕೊಟ್ಟಿರುತ್ತಾರೆ. ಐದು ಜನ ಎಂದರೆ ನಾನು, ಬಸ್ ಡ್ರೈವರ್ ಆಗಿರುವ ನನ್ನ ಅಪ್ಪ, ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ ಅಮ್ಮ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅಕ್ಕ ಮತ್ತು ಅಪ್ಪನ ತಾಯಿಯಾದ ನನ್ನ ಅಜ್ಜಿ, ವಯಸ್ಸು 73. ನಾವು ಯಾರೂ ಕಾಣೆಯಾಗಿರಲಿಲ್ಲ. ನಾವು ಎಲ್ಲಿದ್ದೇವೆ ಎಂಬುದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೂ ದೂರು ಸುಳ್ಳಲ್ಲ. ಗಾರ್ಡ್ ತಾತ ನಾವು ಹೇಳಿದ್ದನ್ನೇ ಮಾಡಿದ್ದಾರೆ. ಅದು ಹೇಗೆಂದು ಮೊದಲಿನಿಂದ ಹೇಳುತ್ತೇನೆ.

ನನ್ನ ಅಜ್ಜ ಭೂಮಿ ಅಳೆಯುವ ಸರ್ವೆ ಇಲಾಖೆಯ ಲಾರಿ ಓಡಿಸುತ್ತಿದ್ದವರು. ಇಲ್ಲಿಂದ 90 ಕಿಲೋಮೀಟರ್ ದೂರದಲ್ಲಿ ಶುರುವಾಗುವ ಮರಳುಗಾಡಿನೊಳಗೆ ಅವರ ಕೆಲಸ. ಮನೆಗೆ ಬಂದಾಗಲೆಲ್ಲ ಅವರ ಜೇಬು, ಮಡಚಿದ ತೋಳು, ಚಪ್ಪಲಿಗಳಿಂದ ಮರಳು ಉದುರುತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅಜ್ಜಿ, ಇಪ್ಪತ್ತೆರಡು ವರ್ಷ ಆ ಮರಳುಗಾಡನ್ನ ಪೊರಕೆಯಲ್ಲಿ ಗುಡಿಸಿ ಆಚೆ ಹಾಕಿದೀನಿ, ಅದು ಎಲ್ಲಿಂದ ಬರ್ತಿತ್ತು ಅಂತ ಒಂದು ದಿನ ನೋಡಬೇಡವಾ ಎಂದು ಕೇಳಿದರು. ನಾನು, ನೋಡೋಣ ಅಜ್ಜಿ, ನಾನು ಕರ್ಕೊಂಡು ಹೋಗ್ತೀನಿ ಎಂದೆ. ಅಕ್ಕ ಬಾಯಲ್ಲಿದ್ದ ನೀರನ್ನು ನುಂಗುವುದಕ್ಕೂ ಕಾಯದೆ ನಕ್ಕಳು. ಶಾಲೆ ಅರ್ಧಕ್ಕೆ ಬಿಟ್ಟೆ, ಈಜು ಕಲಿಯೋದು ಅರ್ಧಕ್ಕೆ ಬಿಟ್ಟೆ, ಮನೆಗೆ ಸುಣ್ಣ ಹೊಡೆಯೋದನ್ನೂ ಅರ್ಧ ಗೋಡೆಗೆ ಬಿಟ್ಟೆ, ಅಜ್ಜಿನ ಮರಳಲ್ಲಿ ಅರ್ಧ ದಾರಿಗೆ ಬಿಡ್ತೀಯೇನೋ ಎಂದು ಕೇಳಿದಳು. ಅವಳು ಹೇಳಿದ ಮೂರೂ ನಿಜ. ಆ ಗೋಡೆ ಇವತ್ತಿಗೂ ಹಾಗೇ ಇದೆ.

ನನಗೆ ಮರಳು ಗೊತ್ತು. ಮರಳುಗಾಡಿನ ನಡುವೆ ಇರುವ ಹವಾಮಾನ ಕೇಂದ್ರಕ್ಕೆ ವಾರಕ್ಕೊಮ್ಮೆ ಸಾಮಾನು ಒಯ್ಯುವ ಲಾರಿಯ ಜೊತೆ ನಮ್ಮ ಅಂಗಡಿ ಯಜಮಾನರು ನನ್ನನ್ನು ಟೈರ್ ಕೆಲಸಕ್ಕೆ ಕಳಿಸುತ್ತಾರೆ. ಇದುವರೆಗೆ 11 ಸಲ ಹೋಗಿ ಬಂದಿದ್ದೇನೆ. ಅದೇ ಭಾನುವಾರದ ಮರುದಿನ, ಅಂಗಡಿಯ ಹಿಂದೆ ಚಕ್ರವಿಲ್ಲದೆ ಬಿದ್ದಿದ್ದ ಹಳೆಯ ಫೋರ್ ವೀಲ್ ಜೀಪನ್ನು ಯಜಮಾನರಿಂದ ಕೇಳಿ ಪಡೆದು ರಿಪೇರಿ ಶುರು ಮಾಡಿದೆ. ಹದಿಮೂರು ತಿಂಗಳು ಹಿಡಿಯಿತು. ಇದೊಂದನ್ನು ಅರ್ಧಕ್ಕೆ ಬಿಡಲಿಲ್ಲ.

ಕಳೆದ ಒಂದು ತಿಂಗಳಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಮಾಡಲು ಜಾಗವಿಲ್ಲ. ನಕ್ಷೆ ಹಾಸಿರುತ್ತದೆ. ಹೋಗುವುದು ಬರುವುದು ಸೇರಿ ಮರಳಿನಲ್ಲಿ 186 ಕಿಲೋಮೀಟರ್, ನಾಲ್ಕು ದಿನ, ಹವಾಮಾನ ಕೇಂದ್ರದ ಲಾರಿಯ ಹಿಂದೆಯೇ. ನೀರು ತಲೆಗೆ ದಿನಕ್ಕೆ 6 ಲೀಟರಿನಂತೆ, ನಾಲ್ಕು ದಿನಕ್ಕಲ್ಲ, ಆರು ದಿನಕ್ಕೆ, ಒಟ್ಟು 180 ಲೀಟರ್. ಇದನ್ನು ಅಮ್ಮ ನಿರ್ಧರಿಸಿದ್ದು. ಅಮ್ಮ 64 ಸಾಲಿನ ಪಟ್ಟಿ ಬರೆದು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದರು. ಒಂದನೇ ಸಾಲು ನೀರು, 17ನೇ ಸಾಲು ಟೈರಿಗೆ ಗಾಳಿ ಹೊಡೆಯುವ ಕಾಲು ಪಂಪು, 41ನೇ ಸಾಲು ಅಜ್ಜಿ ಕೂರುವ ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಯಾಕೆ, ಮರಳಲ್ಲಿ ಕೂತ್ರೆ ಆಗಲ್ವಾ ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜಿ, ಕೂರೋದು ನಾನು ಕೂತ್ಕೋತೀನಿ, ಎಬ್ಬಿಸೋದಕ್ಕೆ ನಿನ್ನ ಡಿಪೋದಿಂದ ಕ್ರೇನ್ ತರಿಸ್ತೀಯಾ ಎಂದರು. ಕುರ್ಚಿ ಪಟ್ಟಿಯಲ್ಲಿ ಉಳಿಯಿತು. ಅಕ್ಕ ಪ್ರತಿ ಡಬ್ಬಕ್ಕೂ ಅಂಚೆ ಚೀಟಿಯಂತೆ ವಿಳಾಸ ಅಂಟಿಸಿದಳು. ಬಿಸ್ಕತ್ತಿನ ಡಬ್ಬದ ವಿಳಾಸ, ಹಿಂದಿನ ಸೀಟು, ಎಡಗಡೆ, ಅಜ್ಜಿಯ ಕಾಲ ಬುಡ.

ಅಪ್ಪ 26 ವರ್ಷದಿಂದ ಬಸ್ ಓಡಿಸುತ್ತಿದ್ದಾರೆ, ಒಂದು ಅಪಘಾತವಿಲ್ಲ. ಆದರೆ ಮರಳಿನಲ್ಲಿ ಓಡಿಸಿದವರಲ್ಲ. ದಿಬ್ಬ ಹತ್ತುವಾಗ ಬ್ರೇಕ್ ಮುಟ್ಟಲೇಬಾರದು, ನಿಂತರೆ ಚಕ್ರ ಹೂತುಹೋಗುತ್ತದೆ ಎಂದು ನಾನು ಹೇಳಿಕೊಟ್ಟೆ. ಅಪ್ಪ ಮೇಜಿನ ಕೆಳಗೆ ಕಾಲಲ್ಲೇ ಅಭ್ಯಾಸ ಮಾಡುತ್ತಿದ್ದರು. ಮಗನಿಂದ ಪಾಠ ಹೇಳಿಸಿಕೊಳ್ಳೋ ಯೋಗ ಬರುತ್ತೆ ಅಂತ ಗೊತ್ತಿದ್ದರೆ ನಿನ್ನ ಶಾಲೆ ಬಿಡಿಸ್ತಾನೇ ಇರಲಿಲ್ಲ ಎಂದರು. ಬಿಡಿಸಿದ್ದು ಅವರಲ್ಲ, ಬಿಟ್ಟಿದ್ದು ನಾನು. ಅದನ್ನು ಆಗಲೇ ಹೇಳಿದೆ.

ಮರಳುಗಾಡಿಗೆ ಹೋಗಲು ಈ ಠಾಣೆಯ ಇನ್‌ಸ್ಪೆಕ್ಟರ್ ಮೇಡಂ ರುಜು ಮಾಡಿದ ಪರವಾನಗಿ ಬೇಕು. ಹನ್ನೆರಡು ದಿನದ ಹಿಂದೆ ಅರ್ಜಿ ಕೊಟ್ಟೆವು. ಅರ್ಜಿಯಲ್ಲಿ ಪ್ರಯಾಣದ ಮುಂದಾಳು ಎಂದು ನನ್ನನ್ನು ಬರೆದಿದ್ದೇವೆ. ಲಾರಿ ಹೊರಡುವುದು ನಾಡಿದ್ದು ಗುರುವಾರ ಬೆಳಿಗ್ಗೆ 5 ಗಂಟೆ 30 ನಿಮಿಷಕ್ಕೆ. ಅದೇ ಈ ಹಂಗಾಮಿನ ಕೊನೆಯ ಲಾರಿ. ಆಮೇಲೆ ಬಿಸಿಲಿಗೆ ಏಳು ತಿಂಗಳು ದಾರಿ ಮುಚ್ಚುತ್ತಾರೆ. ಅಜ್ಜಿಯ ಮಂಡಿ ಈಗ ಜೀಪಿನ ಮೆಟ್ಟಿಲು ಹತ್ತುತ್ತದೆ. ಏಳು ತಿಂಗಳ ನಂತರದ ಬಗ್ಗೆ ಕೇಳಿದರೆ, ಅದಕ್ಕೆ ನಾನು ಗ್ಯಾರಂಟಿ ಕಾರ್ಡ್ ಕೊಡಲ್ಲಪ್ಪ ಎನ್ನುತ್ತಾರೆ.

ಮೂರು ಸಲ ತಾಲೀಮು ಮಾಡಿ ನೋಡಿಯೇ ಹೊರಡಬೇಕೆಂದು ಹಟ ಹಿಡಿದವನು ನಾನೇ. ಮೊದಲನೆಯದು ಕಳೆದ ಶನಿವಾರ ಸಂಜೆ 5 ಗಂಟೆಗೆ, ನಮ್ಮ ಅಂಗಳದಲ್ಲಿ, ಬರೀ ಸಾಮಾನು ತುಂಬುವುದು. ಅಮ್ಮ ಕೂಗುತ್ತಿದ್ದರು, ಸಾಮಾನು ಹಿಡಿದವರು ಇದೆ ಎನ್ನಬೇಕು, ನಾನು ಪಟ್ಟಿಯಲ್ಲಿ ಟಿಕ್ ಹಾಕಬೇಕು. ಅಪ್ಪ ಪ್ರತಿ ಸಲವೂ ಹಾಜರ್ ಎಂದು ಕೂಗಿ ಅಮ್ಮನಿಂದ ಬೈಸಿಕೊಂಡರು. 64 ಸಾಲಿಗೆ 52 ನಿಮಿಷ. ಪಂಪು ಆಗ ಜೀಪಿನಲ್ಲಿತ್ತು. ಎರಡನೆಯದು ಭಾನುವಾರ ಬೆಳಿಗ್ಗೆ, ಡೇರೆ ಹಾಕಿ ತೆಗೆಯುವುದು. ಅದರಲ್ಲಿ ಅಕ್ಕ ಒಳಗಿದ್ದಾಗಲೇ ಡೇರೆ ಮಡಚಿದ್ದು ಬಿಟ್ಟರೆ ಬರೆಯುವಂಥದ್ದು ಏನೂ ಇಲ್ಲ.

ಭಾನುವಾರ ಸಂಜೆ 6 ಗಂಟೆ 15 ನಿಮಿಷಕ್ಕೆ ಗಾರ್ಡ್ ತಾತ ತಮ್ಮ ಸೈಕಲ್ಲಿನ ಹಿಂದಿನ ಚಕ್ರ ಒತ್ತಿ ನೋಡುತ್ತ ನಿಂತಿದ್ದರು. ನಾನು ಸುಮ್ಮನೆ ನಿಲ್ಲಲಾರದವನು. ಜೀಪಿನಿಂದ ಪಂಪು ತೆಗೆದುಕೊಂಡು ಹೋಗಿ ಗಾಳಿ ಹೊಡೆದುಕೊಟ್ಟೆ. ತಾತ ಕುಡಿಯಲು ಚಹಾ ಕೊಟ್ಟರು, ಒಂದು ಕಾಲದಲ್ಲಿ ತಮ್ಮ ರೈಲು ನಾಲ್ಕು ನಿಮಿಷ ಮುಂಚೆ ಹೊರಟ ಕಥೆ ಹೇಳಿದರು. ಅದೊಂದು ಸಲ ಮಾತ್ರ ಅಂತೆ, ಅದನ್ನು ನೆನೆದರೆ ಇವತ್ತಿಗೂ ಅವರಿಗೆ ಊಟ ಸೇರುವುದಿಲ್ಲವಂತೆ. ಕಥೆ ಮುಗಿದ ಮೇಲೆ ನಾನು ಬರಿಗೈಯಲ್ಲಿ ಮನೆಗೆ ಬಂದೆ. ಪಂಪು ತಾತನ ಜಗುಲಿಯಲ್ಲಿ, ಸೈಕಲ್ಲಿಗೆ ಒರಗಿಕೊಂಡು ಉಳಿಯಿತು.

ನಿನ್ನೆ ಸೋಮವಾರ ಮೂರನೇ ತಾಲೀಮು. ಇಲ್ಲಿಂದ 13 ಕಿಲೋಮೀಟರ್ ದೂರದಲ್ಲಿ ಮರಳು ತೆಗೆದು ಬಿಟ್ಟ ಹಳೆಯ ಹಳ್ಳವಿದೆ. ಕೊನೆಯ 5 ಕಿಲೋಮೀಟರ್ ಬರೀ ಚೂಪು ಕಲ್ಲಿನ ದಾರಿ. ಹಳ್ಳದಲ್ಲಿ ಸುಮಾರು 9 ಮೀಟರ್ ಎತ್ತರದ ಮರಳುಗುಡ್ಡೆ ಇದೆ. ಫೋನ್ ಹಿಡಿಯುವುದಿಲ್ಲ. ನಿಜವಾದ ಪ್ರಯಾಣದಂತೆಯೇ ನಡೆಯಬೇಕು ಎಂದು ಅಮ್ಮ ಎಲ್ಲ ಸಾಮಾನನ್ನೂ ಹೇರಿಸಿದರು. ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಹೊರಗೆ ಉಳಿದಿದ್ದ ಸಾಮಾನು ತುಂಬಿದೆವು. ಅಮ್ಮ 17ನೇ ಸಾಲು ಕೂಗಿದಾಗ ಜೀಪಿನ ಬಳಿ ನಾನು ಒಬ್ಬನೇ ಇದ್ದೆ. ತಲೆ ಎತ್ತದೆ, ಶನಿವಾರವೇ ಇಟ್ಟಿದ್ದೇವೆ ಎಂದು ಟಿಕ್ ಹಾಕಿದೆ. ನೋಡಲಿಲ್ಲ. ಇದು ಮುಖ್ಯವಾದ ಸಾಲು. ಇದನ್ನು ನಾನು ಹೇಳಿದಂತೆಯೇ ಬರೆಯಬೇಕೆಂದು, ಇದನ್ನೆಲ್ಲ ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಅವರಲ್ಲಿ ಕೇಳಿಕೊಂಡಿದ್ದೇನೆ.

ಹೊರಡುವ ಮುನ್ನ ನಮ್ಮ ನಿಯಮದಂತೆ ಗಾರ್ಡ್ ತಾತನ ಕೈಗೆ ಒಂದು ಲಕೋಟೆ ಕೊಟ್ಟೆವು. ನಾವು ಎಲ್ಲಿಗೆ ಹೋಗಿದ್ದೇವೆ, ಎಷ್ಟು ಜನ, ಯಾವ ದಾರಿ ಎಂಬುದು ಒಳಗೆ. ಹೊರಗೆ, 3 ಗಂಟೆಗೆ ನಾವು ಬರದಿದ್ದರೆ ಒಡೆದು ಓದಿ ಪೊಲೀಸರಿಗೆ ತಿಳಿಸುವುದು ಎಂದು. ಇದೂ ತಾಲೀಮಿನ ಭಾಗವೇ.

9 ಗಂಟೆ 50 ನಿಮಿಷಕ್ಕೆ ಹಳ್ಳ ತಲುಪಿದೆವು. ನಾಲ್ಕೂ ಟೈರುಗಳ ಗಾಳಿಯನ್ನು 32 ಪೌಂಡಿನಿಂದ 16ಕ್ಕೆ ಇಳಿಸಿದೆ. ಗಾಳಿ ಕಡಿಮೆಯಾದರೆ ಟೈರು ಒಂಟೆಯ ಪಾದದಂತೆ ಅಗಲವಾಗಿ ಮರಳ ಮೇಲೆ ತೇಲುತ್ತದೆ. ಮೊದಲು ನಾನು ಎರಡು ಸಲ ಗುಡ್ಡೆ ಹತ್ತಿ ಇಳಿಸಿದೆ. ಅಜ್ಜಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಆಮೇಲೆ ಅಪ್ಪ ಕೂತರು. ಬಹಳ ಚೆನ್ನಾಗಿ ಹತ್ತಿಸಿದರು. ಮುಕ್ಕಾಲು ಗುಡ್ಡೆ ಆಗಿತ್ತು. ಆಗ ಅಜ್ಜಿ ಬಿಸ್ಕತ್ತಿನ ಡಬ್ಬ ತೆಗೆಯಲು ಬಗ್ಗಿದರು, ಕೈಯಲ್ಲಿದ್ದ ಸ್ಟೀಲ್ ಲೋಟ ಮೇಲಿನ ಕಂಬಿಗೆ ತಗುಲಿ ಠಣ್ ಎಂದು ಒಂದು ಸಲ ಸದ್ದಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಒಂದು ಬೆಲ್ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಅಪ್ಪನ ಕಾಲು 26 ವರ್ಷದಿಂದ ಆ ಸದ್ದಿಗೆ ಕಾದಿರುವ ಕಾಲು. ಅದು ಅಪ್ಪನನ್ನು ಕೇಳದೆ ಬ್ರೇಕ್ ಒತ್ತಿತು. ಜೀಪು ನಿಂತಿತು, ನಾಲ್ಕೂ ಚಕ್ರ ಅಚ್ಚಿನವರೆಗೆ ಹೂತವು. ಅಪ್ಪ ಹಿಂದಕ್ಕೆ ತಿರುಗಿ, ಯಾರಮ್ಮಾ ಇಳಿಯೋರು ಎಂದು ಕೇಳಿದರು. ಅಕ್ಕ ಐದು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೂತದ್ದು ದೊಡ್ಡ ವಿಷಯವಲ್ಲ. ಅದಕ್ಕೇ ತಾಲೀಮು. ಸಲಿಕೆಯಿಂದ ಮರಳು ತೆಗೆದು, ಚಕ್ರದಡಿ ಹಲಗೆ ಕೊಟ್ಟು, ಗಾಳಿಯನ್ನು ಇನ್ನೂ ಇಳಿಸಿ 10 ಪೌಂಡಿಗೆ ತಂದು, 11 ಗಂಟೆ 35 ನಿಮಿಷಕ್ಕೆ ಜೀಪನ್ನು ಹೊರಗೆ ತಂದೆವು. ಎಲ್ಲರೂ ಚಪ್ಪಾಳೆ ಹೊಡೆದೆವು. ಇನ್ನು ಟೈರಿಗೆ ಗಾಳಿ ತುಂಬಿ ಮನೆಗೆ ಹೋಗುವುದೊಂದೇ ಎಂದು ನಾನು ಹಿಂದಿನ ಬಾಗಿಲು ತೆರೆದೆ. ಪಂಪು ಇರಬೇಕಾದ ಜಾಗದಲ್ಲಿ ಅಕ್ಕ ಅಂಟಿಸಿದ ಚೀಟಿ ಇತ್ತು. ಚೀಟಿಯ ಮೇಲೆ ಪಂಪು ಎಂದು ಬರೆದಿತ್ತು. ಪಂಪು ಇರಲಿಲ್ಲ.

10 ಪೌಂಡಿನ ಟೈರಿನಲ್ಲಿ 5 ಕಿಲೋಮೀಟರ್ ಚೂಪು ಕಲ್ಲಿನ ಮೇಲೆ ಹೋದರೆ ನಾಲ್ಕೂ ಟೈರು ಹರಿಯುತ್ತವೆ. ನಾನು ಓಡಿಹೋಗಿ ತರುತ್ತೇನೆ ಎಂದೆ. ಅಮ್ಮ ಪಟ್ಟಿಯ ಹಿಂಬದಿ ತೋರಿಸಿದರು. ಅಲ್ಲಿ ಮೊದಲನೇ ನಿಯಮ, ಏನೇ ಆದರೂ ಗಾಡಿ ಬಿಟ್ಟು ಯಾರೂ ಹೋಗಬಾರದು. ಬರೆದವನು ನಾನು. ನೀನು ಬರೆದ ಅಕ್ಷರ ಕಣೋ ಬುಗುರಿ, ಒಂದು ಕಡೆ ಕೂತ್ಕೋ ಎಂದು ಅಮ್ಮ ಹೇಳಿದರು. ಕೂತೆ. ನಾಲ್ಕು ಗಂಟೆಯವರೆಗೆ ಒಂದೇ ಕಡೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಪಂಪು ಎಲ್ಲಿದೆ ಎಂದು ನನಗೆ 11 ಗಂಟೆ 40 ನಿಮಿಷಕ್ಕೆ ನೆನಪಾಯಿತು. ಆಗಲೇ ಎಲ್ಲರಿಗೂ ಹೇಳಿದೆ. ಯಾರೂ ಬೈಯಲಿಲ್ಲ. ಅದು ಕಷ್ಟವಾಯಿತು. ಆಮೇಲೆ ಅಕ್ಕ, ಹಿಂದಿನ ಸೀಟಿನ ವಿಳಾಸಕ್ಕೆ ಹೋಗಬೇಕಾದ ಪಂಪು ಪಕ್ಕದ ಮನೆಗೆ ಬಟವಾಡೆ ಆಗಿದೆ ಎಂದಳು. ಆಗ ಸರಿಹೋಯಿತು.

ಮಧ್ಯಾಹ್ನ ಹೇಗಿತ್ತು ಎಂದರೆ, ಬಹಳ ಚೆನ್ನಾಗಿತ್ತು. ಇದು ಹೇಳಿಕೆಗೆ ಬೇಕೇ ಎಂದು ರೈಟರ್ ಕೇಳಿದರು. ನಡೆದದ್ದನ್ನೆಲ್ಲ ಹೇಳು ಎಂದಿದ್ದರಿಂದ ಹೇಳುತ್ತಿದ್ದೇನೆ. ಜೀಪಿಗೆ ಚಾದರ ಕಟ್ಟಿ ನೆರಳು ಮಾಡಿದೆವು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ತಿಂದೆವು. ಅಜ್ಜಿ 41ನೇ ಸಾಲಿನ ಕುರ್ಚಿಯ ಮೇಲೆ ಕೂತು ಚಪ್ಪಲಿ ಬಿಟ್ಟು ಎರಡೂ ಪಾದವನ್ನು ಮರಳಿನೊಳಗೆ ಹೂತರು. ಒಂದು ಹಿಡಿ ಮರಳು ತೆಗೆದು ಬೆರಳ ಸಂದಿಯಿಂದ ಬಿಡುತ್ತ, ಇದು ಅದಲ್ಲ, ಅವರು ತರ್ತಿದ್ದದ್ದು ಇದಕ್ಕಿಂತ ನುಣುಪು, ಕೆಂಪು ಎಂದರು. ಗುರುವಾರ ಅದನ್ನೇ ಮುಟ್ಟುವಿಯಂತೆ ಅಮ್ಮ ಎಂದು ಅಪ್ಪ ಹೇಳಿದರು. ಆಗ ನನಗೆ ಅರ್ಜಿಯ 7ನೇ ಕಲಂ ನೆನಪಾಯಿತು. ಹಿಂದಿನ ಒಂದು ವರ್ಷದಲ್ಲಿ ಮುಂದಾಳುವಿನ ಅಜಾಗರೂಕತೆಯಿಂದ ಪೊಲೀಸರ ನೆರವು ಪಡೆದದ್ದುಂಟೇ, ಹೌದು ಅಥವಾ ಇಲ್ಲ. ಹೌದು ಎಂದಾದರೆ ಪರವಾನಗಿ ಕೊಡದಿರುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇದೆ. ನಾವು ಇಲ್ಲ ಎಂದು ಬರೆದು ಕೊಟ್ಟಿದ್ದೆವು. ಕೊಟ್ಟ ದಿನ ಅದು ನಿಜವಾಗಿತ್ತು. ಕಿತ್ತಳೆ ಅರ್ಧಕ್ಕೆ ಬಿಟ್ಟೆ.

ಆಮೇಲೆ ತಿಳಿದದ್ದು. ಗಾರ್ಡ್ ತಾತ 2 ಗಂಟೆ 15 ನಿಮಿಷಕ್ಕೆ ಸೈಕಲ್ ತೆಗೆಯಲು ಹೋದಾಗ ಪಂಪು ನೋಡಿದರು. ಪಂಪು ಇಲ್ಲಿ, ಅವರು ಅಲ್ಲಿ ಎಂದು ಆಗಲೇ ಅವರಿಗೆ ಗೊತ್ತಾಯಿತು. ಆದರೂ ಲಕೋಟೆಯ ಮೇಲೆ 3 ಎಂದು ಇದ್ದುದರಿಂದ ಠಾಣೆಯ ಗೇಟಿಗೆ ಬಂದು 35 ನಿಮಿಷ ಗಡಿಯಾರ ಹಿಡಿದು ಹೊರಗೆ ನಿಂತಿದ್ದರು. ಒಳಗೆ ಬನ್ನಿ ತಾತ ಎಂದು ಕಾನ್‌ಸ್ಟೆಬಲ್ ಕರೆದರೆ, ಇನ್ನೂ ಟೈಮ್ ಆಗಿಲ್ಲ ಎಂದರಂತೆ. ಸರಿಯಾಗಿ 3ಕ್ಕೆ ಲಕೋಟೆ ಒಡೆದು ದೂರು ಕೊಟ್ಟರು.

4 ಗಂಟೆ 5 ನಿಮಿಷಕ್ಕೆ ಹಳ್ಳದ ಮೇಲಂಚಿನಲ್ಲಿ ಪೊಲೀಸ್ ಜೀಪು ಕಂಡಿತು. ಅದರ ಕಿಟಕಿಯಿಂದ ಒಂದು ಹಸಿರು ಬಾವುಟ ಅಲ್ಲಾಡುತ್ತಿತ್ತು. ಗಾರ್ಡ್ ತಾತ ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ನಮ್ಮ ಪಂಪು ಹಿಡಿದು ಇಳಿದರು. ಜೊತೆಗೆ ಇನ್‌ಸ್ಪೆಕ್ಟರ್ ಮೇಡಂ ಇಳಿದರು. ಚಾದರದ ಕೆಳಗೆ ಕಾಲು ಹೂತು ಕೂತಿದ್ದ ಅಜ್ಜಿಯನ್ನು ನೋಡಿ, ಕಾಣೆಯಾದವರು ಇವರೇನಾ ಎಂದು ತಾತನನ್ನು ಕೇಳಿದರು. ಅಜ್ಜಿ ಮೇಡಂಗೆ ಕಿತ್ತಳೆ ಕೊಟ್ಟರು. ನಾವೆಲ್ಲ ಸರದಿಯಂತೆ ಪಂಪು ತುಳಿದು ಗಾಳಿ ತುಂಬಿ 5 ಗಂಟೆ 50 ನಿಮಿಷಕ್ಕೆ ಮನೆ ಸೇರಿದೆವು.

ಇಂದು ಬೆಳಿಗ್ಗೆ ನಾನು ಠಾಣೆಗೆ ಬಂದ ಹತ್ತು ನಿಮಿಷಕ್ಕೆ ಮನೆಯವರೆಲ್ಲ ಹಿಂದೆಯೇ ಬಂದರು. ಅಪ್ಪ, ತಪ್ಪು ನನ್ನ ಕಾಲಿನದು, ಹುಡುಗನದಲ್ಲ ಎಂದರು. ಅಮ್ಮ, ಪಟ್ಟಿ ಕೂಗಿದ್ದು ನಾನು, ಇದೆ ಅನ್ನೋ ಮಾತು ಕೇಳದೆ ಮುಂದೆ ಹೋದವಳೂ ನಾನೇ ಎಂದರು. ಅಜ್ಜಿ, ಲೋಟ ನನ್ನದು, ಬೇಕಾದರೆ ಲೋಟಾನ ಇಟ್ಕೊಳ್ಳಿ ಎಂದರು. ಗಾರ್ಡ್ ತಾತ, ಪಂಪು ಸಿಕ್ಕಿದ್ದು ನನ್ನ ಜಗುಲಿಯಲ್ಲಿ, ಅದನ್ನೂ ಸೇರಿಸಿ ಎಂದರು. ರೈಟರ್ ಪೆನ್ನು ಕೆಳಗಿಟ್ಟು, ನನ್ನ ಸರ್ವಿಸಿನಲ್ಲಿ ತಪ್ಪಿಗೆ ಇಷ್ಟು ಉದ್ದ ಕ್ಯೂ ನೋಡಿಲ್ಲ ಎಂದು ಹೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನೋಡು ತಮ್ಮಾ, ಪಂಪು ಕೆಟ್ಟಿತ್ತು ಅಂತ ಒಂದು ಸಾಲು ಬರೆಸು, ಗಾಡಿ ದೋಷ ಅಂತ ಫೈಲು ಮುಚ್ಚಿಹೋಗುತ್ತೆ, ಏಳನೇ ಕಲಂಗೆ ಕೈ ಹಚ್ಚೋದೇ ಬೇಡ, ನಿಮ್ಮಜ್ಜಿ ಮುಖ ನೋಡು ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಅಜ್ಜಿಯ ಮುಖ ನೋಡಿದೆ. ಪಂಪು ಕೆಟ್ಟಿರಲಿಲ್ಲ. ಶಾಲೆಯಲ್ಲಿ ಒಮ್ಮೆ ನಾನು ಹೋಗದ ದಿನ ಗೆಳೆಯನೊಬ್ಬ ನನ್ನ ಪರವಾಗಿ ಹಾಜರ್ ಎಂದಿದ್ದ. ಮರುದಿನ ನಾನೇ ಮೇಷ್ಟ್ರ ಬಳಿ ಹೋಗಿ ಬಂದಿರಲಿಲ್ಲ ಎಂದು ಹೇಳಿ, ಇಬ್ಬರಿಗೂ ಏಟು ಕೊಡಿಸಿದ್ದೆ. ಇಲ್ಲದ್ದನ್ನು ಇದೆ ಎನ್ನುವುದು ನನಗೆ ಆಗದು. ನಿನ್ನೆ ಒಂದು ಸಲ ಅಂದೆ, ಐದು ಜನ ನಾಲ್ಕೂವರೆ ಗಂಟೆ ಕೂತೆವು. ಟಿಕ್ ನನ್ನದು, ನೋಡದೆ ಹಾಕಿದ್ದು ಎಂದು ಬರೆಸಿದೆ. ಅರ್ಜಿ ವಾಪಸ್ ಕೇಳಿ 7ನೇ ಕಲಂನಲ್ಲಿ ಇಲ್ಲ ಎಂಬುದನ್ನು ಹೊಡೆದು ಹೌದು ಎಂದು ಬರೆದೆ.

10 ಗಂಟೆ 20 ನಿಮಿಷಕ್ಕೆ ಇನ್‌ಸ್ಪೆಕ್ಟರ್ ಮೇಡಂ ಹೇಳಿಕೆಯನ್ನು ಇಲ್ಲಿಯವರೆಗೆ ಓದಿದರು. ಎರಡು ಸಲ ಓದಿದರು. ಆಮೇಲೆ ಅವರು, ಈ ಠಾಣೆಗೆ ಬಂದ ಮೇಲೆ ಮರಳುಗಾಡಲ್ಲಿ ಜನರನ್ನ ಹುಡುಕೋಕೆ ನಾಲ್ಕು ಸಲ ಹೋಗಿದೀನಿ, ನಾಲ್ಕೂ ಅರ್ಜಿಯಲ್ಲಿ ಏಳನೇ ಕಲಂನಲ್ಲಿ ಇಲ್ಲ ಅಂತಲೇ ಬರೆದಿತ್ತು ಎಂದರು. ಜೀಪನ್ನು ಸಾಮಾನು ಸಮೇತ ಠಾಣೆಯ ಅಂಗಳಕ್ಕೆ ತರಲು ಹೇಳಿದರು. ಪಟ್ಟಿ ಒರೆಸಿ ಹೊಸದಾಗಿ ತುಂಬಬೇಕು, ಟಿಕ್ ಹಾಕುವವನು ಈ ಹುಡುಗನಲ್ಲ, ನಿಮ್ಮಲ್ಲಿ ಓದಲು ಬಾರದವರು ಯಾರು ಎಂದು ಕೇಳಿದರು. ಅಜ್ಜಿ ಕೈ ಎತ್ತಿದರು. ಹಾಗಾದರೆ ನೀವು ಅಜ್ಜಿ, ಕೈಯಲ್ಲಿ ಮುಟ್ಟಿದ ಮೇಲೆಯೇ ಗೆರೆ ಎಳೀಬೇಕು ಎಂದರು.

11 ಗಂಟೆ 15 ನಿಮಿಷಕ್ಕೆ ಶುರುವಾಯಿತು. ಅಜ್ಜಿ ಪ್ರತಿಯೊಂದನ್ನೂ ಮುಟ್ಟಿದರು. ನೀರಿನ ಕ್ಯಾನುಗಳನ್ನು ತಟ್ಟಿ ತಟ್ಟಿ ನೋಡಿ ಒಂದು ಅರ್ಧ ಖಾಲಿ ಇರುವುದನ್ನು ಹಿಡಿದರು. 17ನೇ ಸಾಲಿಗೆ ಪಂಪನ್ನು ಕಾಲಲ್ಲಿ ತುಳಿದೇ ನೋಡಿದರು. ಗಾಳಿ ಬಂದು ರೈಟರ್ ಕೈಯ ಕಾಗದ ಹಾರಿತು. ಇದೆ ಎಂದರು. 41ನೇ ಸಾಲಿಗೆ ಕುರ್ಚಿಯಲ್ಲಿ ಕೂತು, ಇದೆ, ಸ್ವಲ್ಪ ಹೊತ್ತು ಇರುತ್ತೆ ಎಂದು ಚಹಾ ಕುಡಿದರು. ನಮ್ಮ ಅಂಗಡಿ ಯಜಮಾನರು ಇನ್ನೊಂದು ಪಂಪು ತಂದುಕೊಟ್ಟಿದ್ದರಿಂದ ಪಟ್ಟಿ ಈಗ 65 ಸಾಲು. ಕೊನೆಯಲ್ಲಿ ಅಜ್ಜಿ ನನ್ನ ತಲೆಯನ್ನೂ ಮುಟ್ಟಿ ಬುಗುರಿ ಇದಾನೆ ಎಂದರು. ಅದು ಪಟ್ಟಿಯಲ್ಲಿ ಇಲ್ಲ.

12 ಗಂಟೆ 50 ನಿಮಿಷಕ್ಕೆ ಮೇಡಂ ಪರವಾನಗಿಗೆ ರುಜು ಹಾಕಿದರು. 7ನೇ ಕಲಂನಲ್ಲಿ ಹೌದು ಎಂಬುದು ಹಾಗೆಯೇ ಇದೆ. ಅದರ ಪಕ್ಕದಲ್ಲಿ ಅಜ್ಜಿ ಮುಟ್ಟಿ ನೋಡಿದ್ದಾರೆ ಎಂದು ತಮ್ಮ ಕೈಯಾರೆ ಬರೆದಿದ್ದಾರೆ. ಹೊಸ ಲಕೋಟೆಯನ್ನು ಗಾರ್ಡ್ ತಾತನಿಗೆ ಕೊಟ್ಟಿದ್ದೇವೆ. ಮೇಲೆ ಭಾನುವಾರ ಸಂಜೆ 4 ಗಂಟೆ ಎಂದಿದೆ. ತಾತ ಗಡಿಯಾರಕ್ಕೆ ಕೀಲಿ ಕೊಟ್ಟುಕೊಂಡರು.

ಬರೆದದ್ದನ್ನು ರೈಟರ್ ನನಗೆ ಓದಿ ಹೇಳಿದ್ದಾರೆ. ಓದಿದ್ದು ಸಾಲದೆಂದು ನಾನೂ ಮೊದಲಿನಿಂದ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ನೋಡಿಕೊಂಡು ಬಂದಿದ್ದೇನೆ. ಇದೆ ಎಂದು ಬರೆದದ್ದೆಲ್ಲ ಇದೆ, ಆಯಿತು ಎಂದು ಬರೆದದ್ದೆಲ್ಲ ಆಗಿದೆ. ಕೆಳಗಿನ ರುಜುವೂ ನೋಡಿಯೇ ಹಾಕಿದ್ದು. ರುಜು ಹಾಕುತ್ತಿರುವ ಈ ಹೊತ್ತಿನಲ್ಲಿ ಅಜ್ಜಿ ಜೀಪಿನೊಳಗೆ ಕೂತು ಲೋಟದಿಂದ ಕಂಬಿಗೆ ಎರಡು ಸಲ ಬಡಿದಿದ್ದಾರೆ. ಅಪ್ಪ ಗಾಡಿ ಸ್ಟಾರ್ಟ್ ಮಾಡಿದ್ದಾರೆ. ಗುರುವಾರಕ್ಕೆ ಇನ್ನೂ ಎರಡು ದಿನ ಇದೆ ಎಂದು ಅವರಿಬ್ಬರಿಗೂ ಹೇಳಬೇಕಾಗಿದೆ.

ಸ್ಥಳ: ಠಾಣೆಯ ಅಂಗಳ, ಪೊಲೀಸ್ ಜೀಪಿನ ಬಾನೆಟ್ಟಿನ ಮೇಲೆ
ದಿನಾಂಕ: 18, ಮಂಗಳವಾರ, ಮಧ್ಯಾಹ್ನ 1 ಗಂಟೆ 25 ನಿಮಿಷ
ಹೇಳಿ ಬರೆಸಿದವನ ರುಜು: ಬುಗುರಿ
ಸಾಕ್ಷಿ: ಗಾರ್ಡ್ ತಾತ (1 ಗಂಟೆ 26 ನಿಮಿಷಕ್ಕೆ)